ಸತ್ಯಾಂಶ: ಗಾಜು ಹೆಚ್ಚಿದಷ್ಟೂ ಬೆಳಕು ಹೆಚ್ಚೇ?

ಗೋಡೆ ತುಂಬ ಗಾಜು ಹಾಕಿಸಿದರೆ ಹಗಲಲ್ಲಿ ದೀಪವೇ ಬೇಡ ಎಂಬ ಸಂದೇಶ ದಾವಣಗೆರೆಯಲ್ಲಿ ಮನೆ ಕಟ್ಟಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದು ಪೂರ್ತಿ ಸರಿಯಲ್ಲ. ಬೆಳಕು ಕೋಣೆಯ ಎಷ್ಟು ಒಳಕ್ಕೆ ತಲುಪುತ್ತದೆ ಎಂಬುದು ಗಾಜಿನ ಅಗಲಕ್ಕಿಂತ ಕಿಟಕಿಯ ಮೇಲಂಚಿನ ಎತ್ತರವನ್ನು ಹೆಚ್ಚು ಅವಲಂಬಿಸಿದ್ದು, ಸಾಮಾನ್ಯವಾಗಿ ಆ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದಾಚೆ ಮಂಕಾಗುತ್ತದೆ. ವಾಡಿಕೆಯ 7 ಅಡಿ ಎತ್ತರದ ಲಿಂಟಲ್‌ಗೆ (ಕಿಟಕಿಯ ಮೇಲಂಚಿನ ತೊಲೆಗೆ) ಅದು ಸುಮಾರು 14ರಿಂದ 17 ಅಡಿ. ಮೇಜಿನ ಮಟ್ಟಕ್ಕಿಂತ ಕೆಳಗಿನ ಗಾಜಿನಿಂದ ಓದುವವರಿಗೆ ಹೆಚ್ಚೇನೂ ದಕ್ಕದು. ಪಶ್ಚಿಮಕ್ಕಿದ್ದರಂತೂ ಏಪ್ರಿಲ್ ಮಧ್ಯಾಹ್ನದ ಧಗೆಯೇ ಒಳಬರುತ್ತದೆ.

ಕೋಣೆಯಲ್ಲಿ ಬೆಳಕು ಸಾಲುತ್ತದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮೋಡ ಕವಿದ ದಿನ ದೀಪ ಆರಿಸಿ, ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ನಿಂದ ಮೇಜಿನ ಮೇಲೊಮ್ಮೆ, ತಾರಸಿಯ ಮೇಲೊಮ್ಮೆ ಅಳೆದು, ಒಳಗಿನ ಅಂಕಿಯನ್ನು ಹೊರಗಿನದರಿಂದ ಭಾಗಿಸಿ 100ರಿಂದ ಗುಣಿಸಬೇಕು. ಫೋನಿನ ಅಳತೆ ನಿಖರವಲ್ಲದಿದ್ದರೂ ಅನುಪಾತ ಹೋಲಿಕೆಗೆ ಸಾಕು. ಶೇ. 2ರ ಆಸುಪಾಸು ಬಂದರೆ ಓದಲು ಸಾಮಾನ್ಯವಾಗಿ ಸಾಲುತ್ತದೆ.