ಸೋಮಾರಿಗಳ ಕಾಡು

ಕಾಡಿಗೆ ಹೋಗಿ ಪ್ರಾಣಿ ನೋಡುವುದು ಮೈಮುರಿಯುವ ಕೆಲಸ. ನಸುಕಿನಲ್ಲೇ ಏಳಬೇಕು, ಬಾಯಿ ಮುಚ್ಚಿಕೊಂಡು ನಡೆಯಬೇಕು. ಅಷ್ಟಾದರೂ ಜಿಂಕೆಯ ಬೆನ್ನು ಕಂಡರೆ ಪುಣ್ಯ. ಬಂದರಿನಲ್ಲಿ ಹಾಗಿಲ್ಲ. ಧಕ್ಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತರೆ ಸಾಕು. ಬರುವವರು ತಾವಾಗಿಯೇ ಬರುತ್ತಾರೆ, ಅದೂ ಹೊತ್ತುಗೊತ್ತು ನೋಡಿಕೊಂಡು. ನನ್ನಂಥ ಸೋಮಾರಿಗಳಿಗೆ ಹೇಳಿ ಮಾಡಿಸಿದ ಜಾಗ.

ತೊಂದರೆ ಅಂದರೆ ಡಾಲ್ಫಿನ್. ಕಡಲ ಕಡೆ ಬೈನಾಕ್ಯುಲರ್ ಹಿಡಿದು ನಿಂತವರನ್ನು ಕಂಡರೆ ಸಾಕು, ಹೋಗಿ ಬರುವವರೆಲ್ಲ ಕೇಳುವುದು ಅದೊಂದನ್ನೇ: "ಡಾಲ್ಫಿನ್ ಬಂತಾ?" ಇಲ್ಲ ಅಂದರೆ ಮುಖ ಸಣ್ಣದು ಮಾಡಿಕೊಂಡು ಹೊರಟುಬಿಡುತ್ತಾರೆ. ಬಂದರೂ ಅದು ತೋರಿಸುವುದು ಎಷ್ಟು? ಉಸಿರು ಎಳೆದುಕೊಳ್ಳಲು ಮೇಲೆ ಬರುತ್ತದೆ, ಬೆನ್ನು ಫಳಕ್ಕನೆ ಹೊಳೆಯುತ್ತದೆ, ಮುಗಿಯಿತು. ಇಷ್ಟಕ್ಕೆ ಎಲ್ಲರೂ ಕೈ ತೋರಿಸಿ ಕೂಗುತ್ತಾರೆ. ಅವರ ತಲೆಯ ಮೇಲೇ ಸೀಗಲ್‌ಗಳು ಕಿರುಚಾಡುತ್ತಿರುತ್ತವೆ, ಅವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊರಿಗೆ ಕಾಗೆ ಹೇಗೋ ಬಂದರಿಗೆ ಸೀಗಲ್ ಹಾಗೆ, ಅಲ್ವಾ? ಆದರೆ ನನ್ನ ಓಟು ಸೀಗಲ್‌ಗೇ. ಅದು ವರ್ಷದ ಸುದ್ದಿಯನ್ನೆಲ್ಲ ತಲೆಯ ಮೇಲೇ ಹೊತ್ತುಕೊಂಡು ಓಡಾಡುವ ಹಕ್ಕಿ.

ಕಪ್ಪುತಲೆಯ ಸೀಗಲ್ಲನ್ನೇ ನೋಡಿ. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಮಾತ್ರ ಒಂದು ಕಪ್ಪು ಚುಕ್ಕೆ. ಚಳಿ ಕಳೆಯುವ ಹೊತ್ತಿಗೆ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಡುಬಣ್ಣದ ಗರಿ ಮೂಡುತ್ತದೆ. ಕೆಲವು ದಿನ ನೋಡಲು ಚೆನ್ನಾಗಿರುವುದಿಲ್ಲ, ತಲೆಯೆಲ್ಲ ಅರೆಬರೆ. ಆಮೇಲೆ ನೋಡಿದರೆ ಕತ್ತಿನ ಮೇಲಕ್ಕೆ ಪೂರಾ ಮುಖವಾಡ, ಕಣ್ಣಿನ ಹಿಂದೆ ತೆಳ್ಳನೆ ಬಿಳಿ ಗೆರೆ ಬೇರೆ. ಗೂಡು ಕಟ್ಟಿ ಸಂಸಾರ ಹೂಡುವ ಕಾಲ ಬಂತು ಅಂತ ಅರ್ಥ. ಮರಿಗಳ ಗಲಾಟೆ ಮುಗಿಯಿತೋ, ಗರಿ ಉದುರಿಸಿ ಮತ್ತೆ ಬಿಳಿ ತಲೆ. ಹೆರಿಂಗ್ ಗಲ್‌ನಂಥ ದೊಡ್ಡ ಜಾತಿಗಳದು ಇನ್ನೂ ನಿಧಾನ. ಮರಿಗಳು ಮಾಸಲು ಕಂದು ಬಣ್ಣದಲ್ಲಿ ಶುರು ಮಾಡಿ, ದೊಡ್ಡವರ ಬಿಳಿ ಬೂದು ಬಣ್ಣಕ್ಕೆ ಬರಲು ಸುಮಾರು 4 ವರ್ಷ ತೆಗೆದುಕೊಳ್ಳುತ್ತವೆ. ಒಂದೇ ಗೋಡೆಯ ಮೇಲೆ ಸಾಲಾಗಿ ಕೂತಾಗ ಯಾವುದು ಚಿಕ್ಕದು, ಯಾವುದು ಹರೆಯದ್ದು ಅಂತ ಕೂತಲ್ಲೇ ಲೆಕ್ಕ ಹಾಕಬಹುದು.

ಸ್ವಲ್ಪ ಹತ್ತಿರ ಬಿಟ್ಟುಕೊಂಡರೆ ಇನ್ನೊಂದು ತಮಾಷೆ ಕಾಣುತ್ತದೆ. ಸೀಗಲ್‌ನ ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು. ಅದು ದಪ್ಪಗಾಗುತ್ತದೆ, ತೂಗಾಡುತ್ತದೆ, ಹಕ್ಕಿ ತಲೆ ಕೊಡವಿದರೆ ಚಿಮ್ಮಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಹನಿ. ನೆಗಡಿ ಅಂದುಕೊಳ್ಳಬೇಡಿ. ಕಣ್ಣುಗಳ ಮೇಲ್ಭಾಗದಲ್ಲಿ ಅದಕ್ಕೆ ಉಪ್ಪಿನ ಗ್ರಂಥಿಗಳಿವೆ. ರಕ್ತದಲ್ಲಿ ಜಾಸ್ತಿಯಾದ ಉಪ್ಪನ್ನು ಅವು ಹಿಂಡಿ ತೆಗೆದು ಮೂಗಿನ ಹೊಳ್ಳೆಯಿಂದ ಹೊರಗೆ ಕಳಿಸುತ್ತವೆ. ಸಮುದ್ರದ ನೀರನ್ನೇ ಕುಡಿದು ಬದುಕುವ ಧೈರ್ಯ ಬಂದದ್ದು ಹೀಗೆ. ನಾವು ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚುತ್ತದೆ ಅಷ್ಟೇ.

ಋತುಗಳ ಲೆಕ್ಕದ ಒಳಗೇ ಇಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ, ಉಬ್ಬರ ಇಳಿತದ್ದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕಡೆ ಇವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ನಿನ್ನೆ ಇದೇ ಹೊತ್ತಿಗೆ ಕಂಡಿತ್ತಲ್ಲ ಅಂತ ಇವತ್ತು ಬಂದರೆ ಆಗ ಕೆಸರಿದ್ದ ಕಡೆ ಇನ್ನೂ ನೀರಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬ ದೂರ ಹಿಂದೆ ಸರಿಯುತ್ತದೆ. ದಿನವೂ ಮುಳುಗಿಯೇ ಇರುವ ಬಂಡೆಗಳು ಹೊರಬೀಳುವುದು ಆಗಲೇ.

ಬಂದರಿನ ಕಂಬಗಳಿಗೆ ಅಂಟಿಕೊಂಡ ಬಾರ್ನಕಲ್‌ಗಳನ್ನು ನೋಡಬೇಕಾದದ್ದು ಮಾತ್ರ ನೀರು ಏರುವಾಗ. ನೀರು ಇಳಿದಾಗ ಅವು ಬರೀ ಚೂಪು ಸುಣ್ಣದ ಗಂಟುಗಳು, ಕಾಲು ಕೊಯ್ಯಲಿಕ್ಕೇ ಇದ್ದ ಹಾಗೆ. ನೀರು ಮುಟ್ಟಿದ ಮೇಲೆ ಮುಚ್ಚಳ ತೆರೆದು ಹಕ್ಕಿ ಗರಿಯಂಥ ಕಾಲುಗಳು ಹೊರಗೆ ಬರುತ್ತವೆ. ಬೀಸಿ ಒಳಗೆ, ಬೀಸಿ ಒಳಗೆ. ಏಡಿ ಸಿಗಡಿಗಳ ಬಳಗದ ಈ ಜೀವಿ ತಲೆ ಕೆಳಗಾಗಿ ಅಂಟಿಕೊಂಡು, ಕಾಲಿನಿಂದ ಊಟ ಬಾಚಿಕೊಂಡೇ ಜೀವನ ಕಳೆಯುತ್ತದೆ. ಡಾರ್ವಿನ್ 1846ರಿಂದ 1854ರವರೆಗೆ ಇವುಗಳ ಹಿಂದೆಯೇ ಬಿದ್ದಿದ್ದ. ಎಂಟು ವರ್ಷ! ಇವನ್ನು ನೋಡುತ್ತ ಕೂತರೆ ಸಮಯ ಹಾಳು ಅನ್ನುವವರಿಗೆ ಇದನ್ನು ಹೇಳಬಹುದು.

ಉತ್ತರದ ತುದಿಯಲ್ಲಿ ಚಳಿ ಶುರುವಾದರೆ ಕೆಸರಿನ ದಡಕ್ಕೆ ನೀಳ ಕೊಕ್ಕಿನ ಹಕ್ಕಿಗಳು ಇಳಿಯುತ್ತವೆ. ಅವುಗಳಲ್ಲಿ ಗಾಡ್‌ವಿಟ್ ಕಂಡರೆ ಸ್ವಲ್ಪ ಮರ್ಯಾದೆ ಕೊಡಿ. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ಒಂದು ಮರಿ ಗಾಡ್‌ವಿಟ್ ಅಲಾಸ್ಕಾದಿಂದ ಹೊರಟು 11 ದಿನ ಎಲ್ಲೂ ಇಳಿಯದೆ ಹಾರಿ ಟಾಸ್ಮೇನಿಯಾ ಮುಟ್ಟಿತು. ದೂರ 13,560 ಕಿಲೋಮೀಟರ್. ಬೆನ್ನಿಗೆ ಕಟ್ಟಿದ್ದ ಪುಟ್ಟ ಉಪಗ್ರಹ ಸಾಧನ ಹೇಳಿದ ಲೆಕ್ಕ ಇದು. ಹೊರಡುವ ಮೊದಲು ಇವು ತಿಂದು ತಿಂದು ಕೊಬ್ಬು ತುಂಬಿಕೊಳ್ಳುತ್ತವೆ. ದಾರಿಯಲ್ಲಿ ಊಟ ಇಲ್ಲವಲ್ಲ, ಹೊಟ್ಟೆ ಕರುಳುಗಳನ್ನೇ ಕುಗ್ಗಿಸಿಕೊಂಡು ಭಾರ ಇಳಿಸಿಕೊಳ್ಳುತ್ತವೆ. ಎರಡು ದಿನದ ಪ್ರಯಾಣಕ್ಕೆ ಮೂರು ಚೀಲ ಹೊರುವ ನಾವು ಸುಮ್ಮನಿರುವುದು ವಾಸಿ.

ವಾಪಸ್ ಹೋಗುವ ಮುಂಚೆ ಬೂದು ಗರಿ ಹೋಗಿ, ಗಂಡುಗಳ ಎದೆಗೆ ಇಟ್ಟಿಗೆ ಕೆಂಪು ಬಣ್ಣ ಏರುತ್ತದೆ. ದೊಡ್ಡವು ಹೊರಟ ಮೇಲೂ ಕೆಲವು ಮಾಸಲು ಗಾಡ್‌ವಿಟ್‌ಗಳು ಕೆಸರು ಕುಕ್ಕುತ್ತ ಅಲ್ಲೇ ಉಳಿಯುತ್ತವೆ. ಕಾಯಿಲೆ ಬಿದ್ದದ್ದಲ್ಲ. ಇನ್ನೂ ಸಂಸಾರದ ವಯಸ್ಸು ಬಂದಿಲ್ಲದವು, ಅಷ್ಟು ದೂರ ಹೋಗಿ ಮಾಡುವುದಾದರೂ ಏನು? ನನಗೆ ಜಾಸ್ತಿ ಹತ್ತಿರ ಅನ್ನಿಸುವವು ಇವೇ.

ಬಿರುಗಾಳಿಯ ದಿನಗಳಲ್ಲಿ ಹಕ್ಕಿ ನೋಡುವ ಮಾತಿಲ್ಲ. ಗಾಳಿ ನಿಂತ ಮರುದಿನ ಹೋಗಬೇಕು, ತಲೆ ಬಗ್ಗಿಸಿಕೊಂಡು. ಅಲೆ ತಂದು ಹಾಕಿದ ಪಾಚಿಯ ಸಾಲಿನಲ್ಲಿ ಏನೇನೋ ಸಿಕ್ಕಿಕೊಂಡಿರುತ್ತದೆ. ಬೆಚ್ಚಗಿನ ಕಡಲುಗಳಲ್ಲಿ ವೆಲೆಲ್ಲಾ ಅನ್ನುವ ಅಂಗೈಗಿಂತ ಚಿಕ್ಕ ನೀಲಿ ಜೀವಿ ಇದೆ. ಬೆನ್ನ ಮೇಲೆ ಪಾರದರ್ಶಕವಾದ ಪುಟ್ಟ ಹಾಯಿ. ಕೆಲವಕ್ಕೆ ಆ ಹಾಯಿ ಎಡಕ್ಕೆ ಓರೆ, ಕೆಲವಕ್ಕೆ ಬಲಕ್ಕೆ. ಹಾಗಾಗಿ ಒಂದೇ ಗಾಳಿ ಇವನ್ನು ಬೇರೆ ಬೇರೆ ದಿಕ್ಕಿಗೆ ತಳ್ಳುತ್ತದೆ. ಒಂದು ದಡದಲ್ಲಿ ರಾಶಿ ಬಿದ್ದವುಗಳಲ್ಲಿ ಹೆಚ್ಚಿನವು ಒಂದೇ ಕಡೆ ಓರೆಯಾದವು ಆಗಿರುವುದುಂಟು. ಬಗ್ಗಿ ಎಣಿಸಿ ನೋಡಿ, ಅದಕ್ಕೆ ಬೈನಾಕ್ಯುಲರ್ ಬೇಡ. ಆದರೆ ಕೋಲಿನಿಂದ ತಿರುವಿ, ಕೈ ಹಾಕಬೇಡಿ. ಅದೇ ರಾಶಿಯಲ್ಲಿ ಅದರ ನೀಲಿ ನೆಂಟ, ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಕೂಡ ಇರಬಹುದು. ಅದು ಸತ್ತು ಒಣಗಿದ ಮೇಲೂ ಚುಚ್ಚುತ್ತದೆ.