ಹೈದರಾಬಾದಿನ ಗೇಟುಗಳು

ಹೈದರಾಬಾದಿಗೆ ಹೋಗಿಬಂದವರೆಲ್ಲ ಈಗ ಹೇಳುವುದು ಒಂದೇ ಮಾತು: "ಅದು ಅಮೆರಿಕವೇ ಆಗಿಬಿಟ್ಟಿದೆ." ಕೆಲವರು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಮೂಗು ಮುರಿದು ಹೇಳುತ್ತಾರೆ. ಈಚೆಗೆ ನಾನೂ ಹೋಗಿಬಂದೆ. ಎರಡೂ ಗುಂಪಿನವರ ಮೇಲೆ ನನ್ನ ತಕರಾರಿದೆ. ಪುರುಸೊತ್ತಿದ್ದವರು ಓದಿ.

ಕಲಬುರಗಿಯವರಾದ ನಮಗೆ ಹೈದರಾಬಾದು ಪರಸ್ಥಳವಲ್ಲ. 1956ರವರೆಗೆ ನಮ್ಮ ರಾಜಧಾನಿಯೇ ಅದಾಗಿತ್ತು. ಕೋರ್ಟು, ಕಾಲೇಜು, ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಏನೇ ಇದ್ದರೂ ನಮ್ಮ ಹಿರಿಯರು ವಾಡಿ, ತಾಂಡೂರು, ವಿಕಾರಾಬಾದು ದಾಟಿ ಅಲ್ಲಿಗೇ ಹೋಗುತ್ತಿದ್ದರು. ಬೆಂಗಳೂರು ಆಮೇಲೆ ಬಂದದ್ದು, ಇಂದಿಗೂ ದೂರವೇ. ಆದ್ದರಿಂದ ಆ ಊರಿನ ಬಗ್ಗೆ ಕೊಂಚ ಸಲಿಗೆಯಿಂದ ಮಾತನಾಡುತ್ತೇನೆ.

ಮೊದಲು ಮೂಗು ಮುರಿಯುವವರಿಗೆ. ಹೈದರಾಬಾದು ವಿದೇಶಿಯಲ್ಲದೆ ಇದ್ದದ್ದು ಯಾವಾಗ? 1591ರಲ್ಲಿ ಅದನ್ನು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಶಾಹನ ಮನೆತನವೇ ಇರಾನಿನ ಕಡೆಯಿಂದ ಬಂದದ್ದು. ಅಲ್ಲಿಯ ಬಾರ್ಕಸ್ ಬಡಾವಣೆಯಲ್ಲಿ ನಿಜಾಮನ ಸೈನ್ಯಕ್ಕೆಂದು ಯೆಮೆನ್‌ನಿಂದ ಬಂದ ಅರಬರ ವಂಶದವರಿದ್ದಾರೆ. ಫಲಕ್‌ನುಮಾ ಅರಮನೆಯ ಕಂಬಗಳು ಇಟಲಿಯ ಶೈಲಿಯವು. ಊರಿಗೆ ಊರೇ ತನ್ನದೆಂದು ಕುಡಿಯುವ ಚಹಾ ಕೂಡ ಇರಾನಿ.

ಆ ಚಹಾದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾಂಪಲ್ಲಿಯ ಕಡೆ ಇನ್ನೂ ಉಳಿದುಕೊಂಡಿರುವ ಒಂದು ಇರಾನಿ ಹೋಟೆಲಿನಲ್ಲಿ ಬೆಳಿಗ್ಗೆ ಕುಳಿತಿದ್ದೆ. ಪಾತ್ರೆಯ ಬಾಯಿ ಬಿಗಿದು ಡಿಕಾಕ್ಷನ್ ದಮ್ಮಿಗೆ ಇಟ್ಟಿದ್ದರು. ಪಕ್ಕದ ಒಲೆಯಲ್ಲಿ ಹಾಲು ಕುದಿಕುದಿದು ಅರ್ಧಕ್ಕೆ ಇಳಿದಿತ್ತು. ಕಪ್ಪಿನಲ್ಲಿ ಬಿದ್ದಾಗಲೇ ಎರಡೂ ಒಂದಾಗುವುದು. ಹಾಲು ಜಾಸ್ತಿ ಬೇಕೆಂದರೆ "ಪೌನಾ" ಎಂದು ಕೂಗಬೇಕು. ನನ್ನ ಮೇಜಿನಲ್ಲಿ ಒಬ್ಬ ಆಟೋ ಚಾಲಕ, ಒಬ್ಬ ಕರಿಕೋಟಿನ ವಕೀಲರು ಇದ್ದರು. ಒಂದೇ ತಟ್ಟೆಯ ಉಸ್ಮಾನಿಯಾ ಬಿಸ್ಕತ್ತಿಗೆ ಮೂವರೂ ಕೈ ಹಾಕುತ್ತಿದ್ದೆವು, ತಿಂದಷ್ಟಕ್ಕೆ ಲೆಕ್ಕ. ಮೂಲೆಯಲ್ಲಿ ವೃದ್ಧರೊಬ್ಬರು ಖಾಲಿ ಕಪ್ಪಿನ ಮುಂದೆ ಉರ್ದು ಪತ್ರಿಕೆ ಹಿಡಿದು ಕುಳಿತೇ ಇದ್ದರು. ಅವರನ್ನು ಏಳಿ ಎಂದವರು ಯಾರೂ ಇಲ್ಲ. ಹೊರಗಿನಿಂದ ಬಂದ ಹೋಟೆಲು ಊರಿನದಾಗುವುದು ಹೀಗೆ.

ಇನ್ನು ಹೆಮ್ಮೆಪಡುವವರ ಸರದಿ. 1998ರಲ್ಲಿ ಐಟಿ ಕಂಪನಿಗಳಿಗೆಂದು ಕಟ್ಟಿದ ಸೈಬರ್ ಟವರ್ಸ್ ಉದ್ಘಾಟನೆಯಾದಾಗ ಸುತ್ತ ಬಂಡೆ, ಕುರುಚಲು ಕಾಡು. ಈಗ ಬಂಡೆಗಳನ್ನು ಸಿಡಿಸಿ ಗಾಜಿನ ಗೋಪುರ ಎಬ್ಬಿಸಿದ್ದಾರೆ. ಕೋಕಾಪೇಟೆಯಲ್ಲಿ 2023ರ ಹರಾಜಿನಲ್ಲಿ ಎಕರೆ ಜಮೀನು 100 ಕೋಟಿ ರೂಪಾಯಿ ದಾಟಿತು. ಆ ಕೋಕಾಪೇಟೆಯ ಒಂದು ಗೋಪುರದಲ್ಲಿ ನನ್ನ ಅಕ್ಕನ ಮಗ ಇದ್ದಾನೆ. ಅಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಗೇಟಿಗೆ ಹೋದೆ. ಹೆಸರು ಬರೆಸಿದರು, ಫೋಟೊ ಹಿಡಿದರು, ಗಂಟಿನಲ್ಲಿ ಏನಿದೆ ಎಂದು ಕೇಳಿದರು. ಅಳಿಯನ ಮೊಬೈಲಿಗೆ ಹೋದ ಸಂದೇಶಕ್ಕೆ ಅವನು ಒಪ್ಪಿಗೆ ಒತ್ತಬೇಕು. ಅವನೋ ಮೀಟಿಂಗಿನಲ್ಲಿ. ಗೇಟಿನ ಹೊರಗೆ ಕುಳಿತುಕೊಳ್ಳಲು ಒಂದು ಕಲ್ಲುಬೆಂಚೂ ಇಲ್ಲ, ನೆರಳೂ ಇಲ್ಲ.

ಫೋನಿನಲ್ಲಿ ನಾನು ಅಕ್ಕನ ಜೊತೆ ಮಾತನಾಡಿದ್ದು ಕೇಳಿ ಕಾವಲುಗಾರ ಹುಡುಗ ಹತ್ತಿರ ಬಂದ. "ಕಲಬುರಗಿಯವರಾ ಕಾಕಾ? ನಮ್ಮದು ಔರಾದ." ತನ್ನ ಕುರ್ಚಿಯನ್ನೇ ತಂದುಕೊಟ್ಟ. ಒಳಗೆ ಬಿಡುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಮನೆಗೆಲಸದವರಿಗೆ ಬೇರೆ ಲಿಫ್ಟು, ಹೋಗುವಾಗ ಅವರ ಚೀಲ ತಪಾಸಣೆ, ಎಲ್ಲವನ್ನೂ ಹೇಳಿದ. "ಮೇಲಿನಿಂದ ಗಂಡಿಪೇಟೆ ಕೆರೆ ಚೆನ್ನಾಗಿ ಕಾಣುತ್ತದಂತೆ ಕಾಕಾ," ಎಂದ. ಅವನಿನ್ನೂ ಮೇಲೆ ಹೋಗಿಲ್ಲ.

ನನ್ನ ಸಿಟ್ಟು ಪಾಶ್ಚಾತ್ಯರ ಮೇಲೆ ಅಲ್ಲ, ಆ ಗೇಟಿನ ಮೇಲೆ. ಬಾಗಿಲು ತೆರೆದಿಟ್ಟರೆ ನಮ್ಮ ಜನ ಏನನ್ನು ಬೇಕಾದರೂ ತಮ್ಮದು ಮಾಡಿಕೊಳ್ಳುತ್ತಾರೆ. ಸ್ವೀಡನ್ನಿನ ಐಕಿಯಾ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2018ರಲ್ಲಿ, ಇದೇ ಊರಿನಲ್ಲಿ. ಅಲ್ಲಿಯ ಉಪಾಹಾರ ಗೃಹದಲ್ಲಿ ಮೊದಲಿನಿಂದಲೇ ಸಮೋಸ, ಬಿರಿಯಾನಿ ಇಟ್ಟರು. ನಾನು ಹೋದಾಗ ಪ್ರದರ್ಶನಕ್ಕಿಟ್ಟ ಸೋಫಾವೊಂದರ ಮೇಲೆ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು, ಪದ್ಮಾಸನ ಹಾಕಿ ಕುಳಿತು ಮೊಮ್ಮಗನಿಗೆ ಬಾಳೆಹಣ್ಣು ಸುಲಿದುಕೊಡುತ್ತಿದ್ದರು. ಅಂಗಡಿಯ ಹುಡುಗಿ ನಕ್ಕು ಮುಂದೆ ಹೋದಳು. ಸೋಫಾ ಕೊಳ್ಳುವ ಲಕ್ಷಣ ಆ ಕುಟುಂಬದಲ್ಲಿ ಎಳ್ಳಷ್ಟೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ.

ಇನ್ನೊಂದು ಚಿಲ್ಕೂರಿನ ಬಾಲಾಜಿ ಗುಡಿ. ವೀಸಾ ಬಾಲಾಜಿ ಎಂದೇ ಹೆಸರಾಗಿದೆ. ಹರಕೆಗೆ 11 ಸುತ್ತು, ಕೈಗೂಡಿದರೆ ಮತ್ತೆ ಬಂದು 108 ಸುತ್ತು. ಕೈಯಲ್ಲಿ ಚೀಟಿ ಹಿಡಿದು, ಸುತ್ತಿಗೊಂದು ಗೀಟು ಹಾಕಿಕೊಳ್ಳುತ್ತ ಓಡುನಡಿಗೆಯಲ್ಲಿರುವ ಹುಡುಗ ಹುಡುಗಿಯರನ್ನು ನೋಡಿ ನಗುವವರು ನಗಲಿ, ನನಗೆ ನಗು ಬರಲಿಲ್ಲ. ಆ ಗುಡಿಯಲ್ಲಿ ಹುಂಡಿ ಇಲ್ಲ, ಗಣ್ಯರಿಗೆಂದು ಬೇರೆ ಸಾಲಿಲ್ಲ. ಅಮೆರಿಕಕ್ಕೆ ಹೊರಟವರು ಮೊದಲು ನಿಲ್ಲುವ ಜಾಗದಲ್ಲಿ ಸಾಹುಕಾರನ ಮಗನೂ ಟೈಲರನ ಮಗಳೂ ಒಂದೇ ಸುತ್ತಿನಲ್ಲಿ ಬೆವರುತ್ತಾರೆ.

ಕೋಕಾಪೇಟೆಯ ಗೋಪುರಗಳಿಂದ ಕಾಣುವ ಗಂಡಿಪೇಟೆ ಕೆರೆಯ ಕಥೆಯೂ ಇದೇ. 1908ರಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಉಸ್ಮಾನ್ ಸಾಗರವೇ ಗಂಡಿಪೇಟೆ. ಅವರು ಪುಣೆಯಲ್ಲಿ ಕಲಿತದ್ದು ಬ್ರಿಟಿಷರ ವಿದ್ಯೆಯನ್ನೇ ತಾನೇ? ಆ ವಿದ್ಯೆ ಇಡೀ ಊರಿಗೆ ಕುಡಿಯುವ ನೀರಾಯಿತು. ಈಗ ಅದೇ ಕೆರೆ ಬಾಲ್ಕನಿಯ ನೋಟವಾಗಿ ಫ್ಲ್ಯಾಟಿನ ಬೆಲೆಗೆ ಸೇರಿಕೊಂಡಿದೆ. ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡಗಳನ್ನು ತಡೆದಿದ್ದ 1996ರ ಆದೇಶವನ್ನು 2022ರಲ್ಲಿ ಸಡಿಲಿಸಲು ಹೊರಟರು. ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಅಂದ: "ಮಾಮಾ, ಇವಳು ಕೆಲಸ ಮುಗಿಸಿ ಮನೆಗೆ ಬರುವುದು ರಾತ್ರಿ ಹನ್ನೊಂದಕ್ಕೆ. ಗೇಟಿನೊಳಗೆ ಬಂದಳೆಂದರೆ ನನಗೆ ಚಿಂತೆ ಇಲ್ಲ. ನಿಮಗೆ ಅರ್ಧ ಗಂಟೆ ಕಾದದ್ದೇ ಹೆಚ್ಚಾಯಿತೇ?" ಅವನ ಮಾತನ್ನು ತಳ್ಳಿಹಾಕಲಾರೆ. ಆದರೆ ಆ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳೂ ಕತ್ತಲಾದ ಮೇಲೆಯೇ ಹೊರಡುತ್ತಾಳೆ. ಗೇಟಿನಿಂದ ಬಸ್ ನಿಲ್ದಾಣದವರೆಗಿನ ರಸ್ತೆಯಲ್ಲಿ ಪಾದಚಾರಿ ಮಾರ್ಗವಿಲ್ಲ, ಬೀದಿದೀಪ ಅಲ್ಲೊಂದು ಇಲ್ಲೊಂದು. ಅಳಿಯ ಅಲ್ಲಿಯ ನಿವಾಸಿಗಳ ಸಂಘದ ಸಮಿತಿಯಲ್ಲಿದ್ದಾನೆ. ಹೊರಗಿನ ರಸ್ತೆಗೆ ದೀಪ ಹಾಕಿಸಲು ಪಾಲಿಕೆಗೆ ಅರ್ಜಿ ಬರೆ, ಗೇಟಿನ ಹೊರಗೆ ಒಂದು ಬೆಂಚು ಹಾಕಿಸು ಎಂದೆ. ಬೆಂಚು ಹಾಕಿದರೆ ಕಂಡವರೆಲ್ಲ ಬಂದು ಕೂರುತ್ತಾರೆ ಎಂದು ಸಮಿತಿಯವರು ಒಪ್ಪಲಿಕ್ಕಿಲ್ಲವಂತೆ. ಅರ್ಜಿಯ ವಿಷಯಕ್ಕೆ "ನೋಡೋಣ ಮಾಮಾ" ಎಂದಿದ್ದಾನೆ.