ಒಳಗೇನಿದೆ ಹೇಳಬೇಡಿ, ಹೇಳದಿದ್ದರೆ ಪರಿಹಾರ ಕೇಳಬೇಡಿ

ಹಳೇ ನಾಣ್ಯ ತರಿಸಿಕೊಂಡವರು ಪೊಟ್ಟಣ ಬಿಚ್ಚಿದರೆ ಒಳಗೆ ಕಲ್ಲು ಸಿಕ್ಕ ಸುದ್ದಿಯನ್ನು ನೀವೂ ಓದಿರುತ್ತೀರಿ. ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಊರು ಬದಲಾಗುತ್ತದೆ, ಕಳೆದುಕೊಂಡವರ ಹೆಸರು ಬದಲಾಗುತ್ತದೆ, ಕಲ್ಲು ಮಾತ್ರ ಅದೇ. ಇಂಥ ಸುದ್ದಿಗಳಲ್ಲಿ ನನಗೆ ಬಹಳ ಹಿಡಿಸುವುದು ಕೊನೆಯ ಸಾಲು: ‘ದಾಖಲೆಗಳ ಪ್ರಕಾರ ಪಾರ್ಸೆಲ್ ಸುರಕ್ಷಿತವಾಗಿ ತಲುಪಿದೆ.’ ತಲುಪಿದೆ, ನಿಜ, ಇಲ್ಲ ಅಂದವರಾರು? ತೂಕವೂ ಸರಿಯಾಗಿರುತ್ತದೆ. ಕಲ್ಲು ಹಾಕಿದವನು ತಕ್ಕಡಿಗಂತೂ ಮೋಸ ಮಾಡಿರುವುದಿಲ್ಲ.

ಟ್ರ್ಯಾಕಿಂಗ್ ನಂಬರಿನ ಬಗ್ಗೆ ಮಾತ್ರ ಯಾರೂ ಹಗುರವಾಗಿ ಮಾತಾಡಬಾರದು. ಅಂತರರಾಷ್ಟ್ರೀಯ ಅಂಚೆಯಲ್ಲಿ ಅದು 13 ಅಕ್ಷರಗಳ ಮಹಾಮಂತ್ರ. ಮೊದಲು ಎರಡು ಇಂಗ್ಲಿಷ್ ಅಕ್ಷರ. ರಿಜಿಸ್ಟರ್ಡ್ ಆದರೆ ‘ಆರ್’ನಿಂದ ಶುರು, ವಿಮೆ ಮಾಡಿಸಿದ್ದಾದರೆ ‘ವಿ’ಯಿಂದ. ಕೊನೆಯಲ್ಲಿ ದೇಶದ ಗುರುತಿನ ಎರಡು ಅಕ್ಷರ. ನಡುವೆ ಒಂಬತ್ತು ಅಂಕಿ. ಅದರಲ್ಲಿ ಒಂಬತ್ತನೆಯದು ಕಾವಲುಗಾರ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಎಲ್ಲ ಕೂಡಿಸಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಲ್ಲಿ ಕಳೆದರೆ ಈ ಕಾವಲುಗಾರ ಸಿಗುತ್ತಾನೆ (10 ಬಂದರೆ 0, 11 ಬಂದರೆ 5). ನೀವು ನಂಬರು ಒತ್ತುವಾಗ ಬೆರಳು ಜಾರಿ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತೀರಿ. ನಾಣ್ಯ ಕಲ್ಲಾದರೆ ಹಿಡಿದುಕೊಡುವ ಗಣಿತ ಇನ್ನೂ ಹುಟ್ಟಿಲ್ಲ. ಇಷ್ಟು ಬಂದೋಬಸ್ತಿನಲ್ಲಿ ಹೋಗುವ ನಂಬರು ದಾರಿತಪ್ಪುವುದಾದರೂ ಹೇಗೆ? ಅದು ತಲುಪಿಯೇ ತಲುಪುತ್ತದೆ. ಜೊತೆಗೆ ಬರಬೇಕಾಗಿದ್ದ ವಸ್ತುವಿನ ವಿಷಯ ಬೇರೆ.

ಹಿಂದೆ ರಿಜಿಸ್ಟರ್ಡ್ ಅಂದರೆ ರಿಜಿಸ್ಟರೇ. ಪೊಟ್ಟಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೆಲ್ಲ ಸಹಿ, ರಾತ್ರಿಗೆ ಬೀಗದೊಳಗೆ. ಕಳೆದುಹೋದರೆ ಕೊನೆಯ ಸಹಿ ಯಾರದೋ ಅವರನ್ನು ಕೇಳಬಹುದಿತ್ತು. ಅಮೆರಿಕದ ಅಂಚೆಯಲ್ಲಂತೂ ರಿಜಿಸ್ಟರ್ಡ್ ಪೊಟ್ಟಣಕ್ಕೆ ಪ್ಲಾಸ್ಟಿಕ್ ಟೇಪು ಸುತ್ತುವ ಹಾಗಿಲ್ಲ, ಶಾಯಿ ಹೀರುವ ಕಾಗದದ ಟೇಪೇ ಆಗಬೇಕು. ಟೇಪಿನ ಅಂಚು ಸೇರುವ ಕಡೆ ಅರ್ಧ ಟೇಪಿನ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಮುದ್ರೆ ಒತ್ತುತ್ತಾರೆ. ಬಿಚ್ಚಿ ಮತ್ತೆ ಅಂಟಿಸಿದರೆ ಮುದ್ರೆಯ ಎರಡು ಅರ್ಧ ಕೂಡುವುದಿಲ್ಲ. ಯಾವನೋ ತಲೆ ಇದ್ದವನು ಮಾಡಿದ ನಿಯಮ. ಈಗ ಬಹಳ ಕಡೆ ಉಳಿದಿರುವುದು ‘ಪೀಂ’ ಎನ್ನುವ ಸ್ಕ್ಯಾನರು. ಅದು ನೋಡುವುದು ಚೀಟಿಯನ್ನು, ಪೆಟ್ಟಿಗೆಯನ್ನಲ್ಲ.

1958ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ 45.52 ಕ್ಯಾರಟ್ಟಿನ ಹೋಪ್ ವಜ್ರವನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟ. ಕಳಿಸಿದ್ದು ಕಂದು ಕಾಗದ ಸುತ್ತಿ, ರಿಜಿಸ್ಟರ್ಡ್ ಅಂಚೆಯಲ್ಲಿ. ಒಟ್ಟು ಖರ್ಚು 145.29 ಡಾಲರ್. ಅದರಲ್ಲಿ ಅಂಚೆವೆಚ್ಚ ಬರೀ 2.44 ಡಾಲರ್, ಮಿಕ್ಕಿದ್ದೆಲ್ಲ ಹತ್ತು ಲಕ್ಷ ಡಾಲರಿನ ವಿಮೆಗೆ. ವಜ್ರ ತಲುಪಿತು. ಸುತ್ತಿದ್ದ ಕಾಗದವನ್ನೂ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಆ ವಜ್ರಕ್ಕೆ ಶಾಪ ಇದೆ ಅಂತ ಪ್ರತೀತಿ. ಶಾಪ ಹೊತ್ತದ್ದನ್ನೇ ತಲುಪಿಸಿದರು. ನಮ್ಮ ಪೊಟ್ಟಣಗಳು ಯಾವ ಪಾಪ ಮಾಡಿದ್ದವೋ.

ವಿಮೆ ಅಂದಕೂಡಲೇ ನನಗೆ ನೆನಪಾಗುವುದು ವಜ್ರಕ್ಕಿಂತ ಹೆಚ್ಚಾಗಿ ಒಂದು ಕೂಸು. ಅಮೆರಿಕದಲ್ಲಿ ಪಾರ್ಸೆಲ್ ಸೇವೆ ಶುರುವಾದದ್ದು 1913ರ ಜನವರಿ 1ಕ್ಕೆ. ಶುರುವಾಗಿದ್ದೇ ತಡ, ಒಹಾಯೊದ ಒಂದು ದಂಪತಿ ತಮ್ಮ ಎಂಟು ತಿಂಗಳ ಮಗನನ್ನೇ ಪಾರ್ಸೆಲ್ ಮಾಡಿ ಅಜ್ಜಿಮನೆಗೆ ಕಳಿಸಿಬಿಟ್ಟರು. ಸ್ಟಾಂಪು 15 ಸೆಂಟ್, ವಿಮೆ 50 ಡಾಲರ್. ಅಂಚೆಯವನು ಎತ್ತಿಕೊಂಡು ಹೋಗಿ ಅಜ್ಜಿಯ ಕೈಗೆ ಒಪ್ಪಿಸಿದ. ಆಮೇಲೆ ಇನ್ನೂ ಕೆಲವರು ಹೀಗೇ ಮಕ್ಕಳನ್ನು ರವಾನಿಸಿದ್ದು ನೋಡಿ ಇಲಾಖೆ ಗಾಬರಿಯಾಗಿ ನಿಷೇಧ ಹಾಕಿತು. 50 ಡಾಲರ್ ಅಂತ ಲೆಕ್ಕ ಹಾಕಿದವರು ಅಪ್ಪನೋ ಅಮ್ಮನೋ, ತಿಳಿಯುವ ಕುತೂಹಲ ನನಗೆ. ಕ್ಲೇಮ್ ಮಾಡುವ ಸಂದರ್ಭ ಬಂದಿದ್ದರೆ ‘ಮಗುವಿನ ಖರೀದಿ ರಸೀದಿ ಲಗತ್ತಿಸಿ’ ಅಂತ ಪತ್ರ ಬರುತ್ತಿತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಯಾಕೆಂದರೆ ರಸೀದಿಯೇ ಎಲ್ಲ. ತಾತ ಬಿಟ್ಟುಹೋದ ಅಂಚೆಚೀಟಿಗೆ ರಸೀದಿ ತನ್ನಿ. ಅಥವಾ ಇಂಥದ್ದೇ ಇನ್ನೊಂದು ಇತ್ತೀಚೆಗೆ ಎಷ್ಟಕ್ಕೆ ಹೋಯಿತು, ಸಾಕ್ಷಿ ತನ್ನಿ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಮಜೆಂಟಾ ಚೀಟಿ ಜಗತ್ತಿನಲ್ಲಿ ಈಗ ಇರುವುದು ಒಂದೇ ಒಂದು. 2014ರ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು, 2021ರಲ್ಲಿ ಸುಮಾರು 83 ಲಕ್ಷಕ್ಕೆ ಇಳಿಯಿತು. ಅದನ್ನು ಪೋಸ್ಟಿಗೆ ಹಾಕಿ ಕಳೆದರೆ ಕೌಂಟರಿನ ಮಹಾನುಭಾವರು ಯಾವ ಬೆಲೆ ಹಿಡಿಯುತ್ತಾರೆ? ಎರಡೂ ಅಲ್ಲ. ಚೀಟಿಯ ಮೇಲೆ ಒಂದು ಸೆಂಟ್ ಅಂತ ಅಚ್ಚಾಗಿದೆಯಲ್ಲ, ಅದಕ್ಕಿಂತ ಸಾಕ್ಷಿ ಬೇಕೆ? ಪೋಸ್ಟಿನಲ್ಲಿ ಹೋಗುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಪೋಸ್ಟಿನಲ್ಲಿ ಕಳಿಸಲು ಎದೆ ಢವಗುಟ್ಟುವ ಕಾಲ ಇದು.

ಇನ್ನು ನಿಯಮಗಳ ಸೌಂದರ್ಯಕ್ಕೆ ಬರೋಣ. ನಾಣ್ಯ, ನೋಟು, ಚಿನ್ನ, ಬೆಳ್ಳಿ, ರತ್ನ, ಇವನ್ನು ವಿಮೆ ಇಲ್ಲದ ಪತ್ರದಲ್ಲಿ ಹಾಕಕೂಡದು ಅನ್ನುತ್ತದೆ ವಿಶ್ವ ಅಂಚೆ ಒಕ್ಕೂಟದ ಒಪ್ಪಂದ. ಬಹಳ ಸರಿ, ವಿಮೆ ಮಾಡಿಸೋಣ. ಹಾಗಾದರೆ ವಿಮೆಯ ಮೊತ್ತವನ್ನು ಪೊಟ್ಟಣದ ಮೇಲೆಯೇ ಬರೆಯಿರಿ. ಅಂಕಿಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ, ಚಿತ್ತು ಮಾಡಬೇಡಿ. ಕಳ್ಳನಿಗೆ ಅಂಕಿ ಬಾರದಿದ್ದರೆ ಅಕ್ಷರವಾದರೂ ಬಂದೀತು ಎಂಬ ಕಾಳಜಿ. ಪರದೇಶಕ್ಕಾದರೆ ಕಸ್ಟಮ್ಸ್ ಚೀಟಿ ಬೇರೆ: ಒಳಗೇನಿದೆ, ಎಷ್ಟಿದೆ, ಬೆಲೆ ಏನು, ಎಲ್ಲ ಹೊರಗಡೆಯೇ ಅಂಟಿಸಬೇಕು. ‘ಹಳೆಯ ಬೆಳ್ಳಿ ನಾಣ್ಯಗಳು’ ಅಂತ ದುಂಡಗೆ ಬರೆದು ಸಹಿ ಹಾಕಿ ಕೊಟ್ಟರೆ ಅದು ಹತ್ತು ಕೈ ದಾಟಿ, ಹತ್ತು ಜೊತೆ ಕಣ್ಣಿಗೆ ಬಿದ್ದು ಬರುತ್ತದೆ.

ಅದು ಬೇಡ, ‘ಹಳೇ ಕಾಗದ’ ಅಂತ ಬರೆದರೆ? ಜಾಣತನ. ಪೊಟ್ಟಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕಸ್ಮಾತ್ ಕಳೆದರೆ ಮಾತ್ರ ಹಳೇ ಕಾಗದದ ಬೆಲೆ ಕೊಡುತ್ತಾರೆ, ಮೇಲೆ ಸುಳ್ಳು ಘೋಷಣೆಯ ತಪ್ಪನ್ನೂ ನಿಮ್ಮ ತಲೆಗೇ ಕಟ್ಟುತ್ತಾರೆ. ಖಾಸಗಿ ಕೊರಿಯರಿಗೆ ಹೋದಿರೋ, ಸಣ್ಣಕ್ಷರದ ಷರತ್ತುಗಳಲ್ಲಿ ನಾಣ್ಯ, ಅಂಚೆಚೀಟಿ, ಪುರಾತನ ವಸ್ತು, ಸಂಗ್ರಹಯೋಗ್ಯ ವಸ್ತು ಇವಕ್ಕೆಲ್ಲ ಒಂದೋ ಜವಾಬ್ದಾರಿಯೇ ಇಲ್ಲ, ಇಲ್ಲವೇ ಲೆಕ್ಕಕ್ಕೂ ಬಾರದಷ್ಟು ಮಿತಿ. ಬೆಲೆ ಇಲ್ಲದ ವಸ್ತುವಿಗೆ ಎಷ್ಟು ಬೇಕಾದರೂ ವಿಮೆ ಸಿಗುತ್ತದೆ, ಧಾರಾಳವಾಗಿ.

ವಿಮೆ ಇಲ್ಲದ ರಿಜಿಸ್ಟರ್ಡ್ ಪತ್ರ ಗಡಿ ದಾಟಿ ಕಳೆದುಹೋದರೆ ಒಪ್ಪಂದದ ಪ್ರಕಾರ ಪರಿಹಾರ 30 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕದ ಪುಸ್ತಕಕ್ಕೆಂದು ಸೃಷ್ಟಿಸಿದ ಹಣ. ಇದರ ನೋಟಿಲ್ಲ, ನಾಣ್ಯವಿಲ್ಲ. ಎಷ್ಟು ದೊಡ್ಡ ಸಂಗ್ರಾಹಕನೇ ಆಗಲಿ, ಒಂದು ಎಸ್‌ಡಿಆರ್ ನಾಣ್ಯ ತೋರಿಸಲಿ ನೋಡೋಣ. ಕಾಣದೆ ಹೋದ ವಸ್ತುವಿಗೆ ಕಾಣದ ಹಣದ ಲೆಕ್ಕ. ನ್ಯಾಯವಾಗಿಯೇ ಇದೆ.

ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿದೆ: ಪರೋಕ್ಷ ನಷ್ಟ, ಕೈತಪ್ಪಿದ ಲಾಭ, ಮನಸ್ಸಿಗಾದ ನೋವು, ಇವನ್ನು ಪರಿಹಾರದಲ್ಲಿ ಲೆಕ್ಕ ಹಿಡಿಯುವುದಿಲ್ಲ. ಇಲ್ಲಿ ನನಗೆ ನಗು ಬರುವುದಿಲ್ಲ. ಮನಸ್ಸಿನ ನೋವಿಗೆ ದುಡ್ಡು ಕೇಳಿದವರಾರು? ದುಡ್ಡು ತೆಗೆದುಕೊಂಡಿರಿ, ರಸೀದಿ ಕೊಟ್ಟಿರಿ, ವಸ್ತುವನ್ನು ಕಳೆದಿರಿ. ಎಲ್ಲಿ ಹೋಯಿತು ಅಂತ ಹೇಳಿ, ಸಾಕು. ಅದೊಂದನ್ನು ಕೇಳುವುದಕ್ಕೆ ಅರ್ಜಿ, ಅರ್ಜಿಗೆ ಆರು ತಿಂಗಳ ಗಡುವು, ಅದರೊಳಗೆ ಕೇಳಿದರೆ ‘ವಿಚಾರಣೆಯಲ್ಲಿದೆ’, ಅದು ದಾಟಿದರೆ ‘ಅವಧಿ ಮೀರಿದೆ’. ಕಳೆದವನು ಕೌಂಟರಿನ ಒಳಗೆ ಆರಾಮಾಗಿ ಕೂತಿರುತ್ತಾನೆ, ಕಳೆದುಕೊಂಡವನು ಹೊರಗೆ ನಿಂತು ತಾನು ಕಳ್ಳನಲ್ಲ ಅಂತ ಸಾಬೀತು ಮಾಡುತ್ತಿರುತ್ತಾನೆ. ‘ಅಷ್ಟು ಬೆಲೆಯದ್ದು ಪೋಸ್ಟಿಗೆ ಯಾಕೆ ಹಾಕಿದಿರಿ?’ ಅಂತ ಅವರೇ ಕೇಳುತ್ತಾರೆ, ಅದೇ ಕೌಂಟರಿನಲ್ಲಿ ಕೂತು. ಸಾಕಾಗಿಹೋಗಿದೆ.

ಇದೆಲ್ಲ ಗೊತ್ತಿದ್ದವರು ಮೊದಲೇ ದಾರಿ ಕಂಡುಕೊಂಡಿದ್ದರು. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ 3106 ಕ್ಯಾರಟ್ಟಿನ ಕಲಿನನ್ ವಜ್ರವನ್ನು ಲಂಡನ್ನಿಗೆ ಸಾಗಿಸುವಾಗ ಹಡಗಿನ ತಿಜೋರಿಯಲ್ಲಿ ನಕಲಿ ಕಲ್ಲಿಟ್ಟು, ಅದಕ್ಕೆ ಪತ್ತೇದಾರರ ಕಾವಲು ಹಾಕಿ, ಅಸಲಿಯನ್ನು ಸಾದಾ ಪೆಟ್ಟಿಗೆಯಲ್ಲಿ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿದರಂತೆ. ಮುಂದೆ 1908ರಲ್ಲಿ ಅದನ್ನು ಕತ್ತರಿಸಲು ಆಮ್‌ಸ್ಟರ್‌ಡ್ಯಾಮಿಗೆ ಒಯ್ಯಬೇಕಾದಾಗ ಅಂಚೆಯನ್ನೂ ನಂಬಲಿಲ್ಲ. ವಜ್ರ ಕತ್ತರಿಸುವ ಆಶರ್ ಮನೆತನದವನೊಬ್ಬ ಅದನ್ನು ಕೋಟಿನ ಜೇಬಿಗೆ ಇಳಿಸಿಕೊಂಡು ರೈಲು, ದೋಣಿ ಹತ್ತಿ ಹೊರಟುಹೋದ. ಬ್ರಿಟನ್ನಿನ ನೌಕಾಪಡೆ ಮಾತ್ರ ಅದೇ ಹೊತ್ತಿಗೆ ಸಕಲ ಮರ್ಯಾದೆಯೊಂದಿಗೆ ಒಂದು ಖಾಲಿ ಪೆಟ್ಟಿಗೆಯನ್ನು ಸಮುದ್ರ ದಾಟಿಸುತ್ತಿತ್ತು.